ದೇಶ ಸುತ್ತಿದ್ದಾಯಿತು, ಇನ್ನು ಕೋಶ ಓದೋಣ



‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದರಲ್ಲಿ ಮೊದಲರ್ಧವನ್ನು ಇಲ್ಲಿ ಕುಳಿತಿರುವ ಎಲ್ಲರೂ ಮಾಡಿ ಮುಗಿಸಿದ್ದೇವೆ. ಎರಡನೆಯ ಅರ್ಧದ ಬಗ್ಗೆ ಮಾತಾಡಬೇಕೆಂದು ಸಂಘದವರು ಕರೆದಾಗ, ‘ಇದಕ್ಕೆ ಯಾರಾದರೂ ಸಾಹಿತಿಗಳನ್ನು ಕರೆಯಬಾರದೇ, ಚಾರ್ಟರ್ಡ್ ಅಕೌಂಟೆಂಟ್ ಏನು ಹೇಳಬಲ್ಲ?’ ಎಂದು ಕೇಳಿದೆ. ‘ಓದಿನಿಂದ ವ್ಯವಹಾರಕ್ಕೆ ಏನು ಲಾಭ ಅಂತ ಲೆಕ್ಕ ಹಾಕಿ ಹೇಳಿ’ ಎಂದರು. ಹಾಗಾಗಿ ಲೆಕ್ಕದವನಾಗಿಯೇ ಮಾತಾಡುತ್ತೇನೆ.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಪುಸ್ತಕ ಓದಿದವರೆಲ್ಲ ಶ್ರೀಮಂತರಾಗುವುದಿಲ್ಲ. ಚೆನ್ನಾಗಿ ಓದಿಕೊಂಡು ವ್ಯಾಪಾರದಲ್ಲಿ ಸೋತವರ ಲೆಕ್ಕವನ್ನೂ ನಾನು ನೋಡಿದ್ದೇನೆ, ಒಂದು ಪುಸ್ತಕವನ್ನೂ ಮುಟ್ಟದೆ ಗೆದ್ದವರ ಲೆಕ್ಕವನ್ನೂ ನೋಡಿದ್ದೇನೆ. ಆದರೂ ಇಷ್ಟು ವರ್ಷ ಬೇರೆಯವರ ಆಯವ್ಯಯ ನೋಡಿದ ಮೇಲೆ ಒಂದು ವ್ಯತ್ಯಾಸ ಕಾಣುತ್ತದೆ. ಓದುವ ಅಭ್ಯಾಸವಿರುವವರು ಸಹಿ ಹಾಕುವ ಮೊದಲು ಪ್ರಶ್ನೆ ಕೇಳುತ್ತಾರೆ. ಉಳಿದವರಲ್ಲಿ ಬಹಳ ಜನ ಸಹಿ ಹಾಕಿದ ಮೇಲೆ ಕೇಳುತ್ತಾರೆ. ಈ ವ್ಯತ್ಯಾಸದ ಬೆಲೆ ಎಷ್ಟೆಂಬುದನ್ನು ಮುಂದೆ ಹೇಳುತ್ತೇನೆ.

ವಾರಕ್ಕೆ ಒಂದು ಶಿಲಿಂಗ್ ಬಾಡಿಗೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲೇ ವಿಲಿಯಂ ಹಟನ್ ಎಂಬ ವ್ಯಾಪಾರಿ ಇದ್ದ. ಹುಟ್ಟಿದ್ದು 1723ರಲ್ಲಿ, ಡರ್ಬಿಯ ಬಡ ಮನೆಯಲ್ಲಿ. ಏಳನೇ ವಯಸ್ಸಿಗೆ ಅವನನ್ನು ರೇಷ್ಮೆ ಗಿರಣಿಯ ಕೆಲಸಕ್ಕೆ ಹಾಕಿದರು. ಅಲ್ಲಿ ಏಳು ವರ್ಷ ದುಡಿದು, ಆಮೇಲೆ ನಾಟಿಂಗ್‌ಹ್ಯಾಮ್‌ನಲ್ಲಿ ಕಾಲುಚೀಲ ನೇಯುವ ಮಗ್ಗದಲ್ಲಿ ಕುಳಿತ. ಶಾಲೆಯ ಓದು ಹೆಚ್ಚೇನೂ ಆಗಲಿಲ್ಲ. ಸಿಕ್ಕ ಹಳೆಯ ಪುಸ್ತಕಗಳನ್ನು ಓದುತ್ತ, ಹರಿದವನ್ನು ತಾನೇ ಹೊಲಿಯುತ್ತ ರಟ್ಟು ಕಟ್ಟುವ ಕೆಲಸ ಕಲಿತ. ಆ ಕೆಲಸದ ಸಲಕರಣೆ ಕೊಳ್ಳಲು 1749ರಲ್ಲಿ ಲಂಡನ್‌ಗೆ ನಡೆದೇ ಹೋಗಿ ಬಂದ.

1750ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದು ಒಂದು ಪುಟ್ಟ ಅಂಗಡಿಯ ಅರ್ಧ ಭಾಗವನ್ನು ವಾರಕ್ಕೆ ಒಂದು ಶಿಲಿಂಗ್ ಬಾಡಿಗೆಗೆ ಹಿಡಿದ. ಮರುವರ್ಷ ಊರಿನ ಮೊದಲ ಬಾಡಿಗೆ ಗ್ರಂಥಾಲಯ ತೆರೆದ. ಪುಸ್ತಕ ಕೊಳ್ಳಲು ಆಗದವರು ಸ್ವಲ್ಪ ಹಣ ಕೊಟ್ಟು ಓದಿ ಹಿಂದಿರುಗಿಸಬಹುದಿತ್ತು. 1756ರಲ್ಲಿ ಕಾಗದದ ಮಳಿಗೆ ತೆರೆದ. ಕೈಗಾರಿಕೆ ಬೆಳೆಯುತ್ತಿದ್ದ ಊರಿನಲ್ಲಿ ಕಾಗದಕ್ಕೆ ಬೇಡಿಕೆ ಬರುವುದನ್ನು ಅವನು ಮೊದಲೇ ಗುರುತಿಸಿದ್ದ. ಸಂಪತ್ತು ಬಂದದ್ದು ಅಲ್ಲಿಂದ. ಮುಂದೆ ಬರ್ಮಿಂಗ್‌ಹ್ಯಾಮ್‌ನ ಇತಿಹಾಸವನ್ನೇ ಬರೆದ. ಸಣ್ಣ ಸಾಲದ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯಾಲಯದಲ್ಲಿ ಕುಳಿತ. 1791ರ ಗಲಭೆಯಲ್ಲಿ ಅವನ ಅಂಗಡಿ ಲೂಟಿಯಾಗಿ ಮನೆ ಸುಟ್ಟುಹೋಯಿತು. ಆಮೇಲೂ ಬದುಕು ಕಟ್ಟಿಕೊಂಡು 1815ರವರೆಗೆ ಇದ್ದ.

ಹಟನ್‌ನ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಷ್ಟು. ಅವನು ಪುಸ್ತಕ ಓದಿ ಕೂಡಲೇ ಹಣ ಮಾಡಲಿಲ್ಲ. ಓದಿನಿಂದ ಒಂದು ಕಸುಬು ಕಲಿತ, ಕಸುಬಿನಿಂದ ಅಂಗಡಿ ಬಂತು, ಅಂಗಡಿಗೆ ಬಂದ ಜನರಿಂದ ಊರಿಗೆ ಏನು ಬೇಕೆಂದು ತಿಳಿಯಿತು. ಓದು ಬೇಸಾಯದ ಹಾಗೆ, ಬಿತ್ತನೆಗೂ ಕೊಯ್ಲಿಗೂ ನಡುವೆ ಕಾಲ ಹಿಡಿಯುತ್ತದೆ.

ವ್ಯಾಪಾರಿಗಳು ಕಟ್ಟಿದ ಗ್ರಂಥಾಲಯಗಳು

ಈ ಭಾಗದ ಊರುಗಳಲ್ಲಿ ಗ್ರಂಥಾಲಯ ಕಟ್ಟಿದವರಲ್ಲಿ ವ್ಯಾಪಾರಿಗಳು ಬಹಳ ಮಂದಿ. ಮ್ಯಾಂಚೆಸ್ಟರ್‌ನ ಚೀತಮ್ಸ್ ಲೈಬ್ರರಿ 1653ರದು. ಹಂಫ್ರಿ ಚೀತಮ್ ಎಂಬ ಬಟ್ಟೆ ವ್ಯಾಪಾರಿ ಉಯಿಲಿನಲ್ಲಿ ಬಿಟ್ಟ ಹಣದಿಂದ ಅದು ಹುಟ್ಟಿತು. ಎರಡು ಶತಮಾನದ ನಂತರ, 1845ರಲ್ಲಿ, ಕಾರ್ಲ್ ಮಾರ್ಕ್ಸ್ ಮತ್ತು ಎಂಗೆಲ್ಸ್ ಅಲ್ಲಿಯೇ ಕುಳಿತು ಅರ್ಥಶಾಸ್ತ್ರದ ಗ್ರಂಥಗಳನ್ನು ಓದಿದರು. ವ್ಯಾಪಾರಿಯ ಹಣದಲ್ಲಿ ಬಂಡವಾಳಶಾಹಿಯ ಟೀಕಾಕಾರರೂ ಓದಿದರು ಎನ್ನುವುದು ಸ್ವಾರಸ್ಯ. 1852ರಲ್ಲಿ ಮ್ಯಾಂಚೆಸ್ಟರ್ ನಗರ ಎಲ್ಲರಿಗೂ ಉಚಿತವಾದ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಉದ್ಘಾಟನೆಗೆ ಚಾರ್ಲ್ಸ್ ಡಿಕನ್ಸ್ ಬಂದಿದ್ದರು.

ಲೀಡ್ಸ್‌ನಲ್ಲಿ 1768ರಲ್ಲಿ ಚಂದಾದಾರರ ಗ್ರಂಥಾಲಯ ಶುರುವಾಯಿತು. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅದರ ಸ್ಥಾಪಕರಲ್ಲಿ ಒಬ್ಬರು. ಲೀಡ್ಸ್ ಲೈಬ್ರರಿ ಇಂದಿಗೂ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಡೆಯುತ್ತಿದೆ. ಅದರ ಲೆಕ್ಕಾಚಾರ ಸರಳ. ಪುಸ್ತಕ ದುಬಾರಿ, ಒಬ್ಬರಿಂದ ಕೊಳ್ಳಲು ಆಗದು, ನೂರು ಜನ ಚಂದಾ ಹಾಕಿದರೆ ಎಲ್ಲರಿಗೂ ಎಲ್ಲವೂ ಸಿಗುತ್ತದೆ. ನಮ್ಮ ಊರುಗಳ ಚೀಟಿ ವ್ಯವಹಾರ ಬಲ್ಲವರಿಗೆ ಒಟ್ಟಾಗಿ ಹಣ ಹಾಕುವ ಈ ಬುದ್ಧಿ ಹೊಸದೇನಲ್ಲ.

ಲೆಕ್ಕದ ಪುಸ್ತಕವೂ ಪುಸ್ತಕವೇ

ಇನ್ನು ನನ್ನ ಕಸುಬಿಗೆ ಬರುತ್ತೇನೆ. 1494ರಲ್ಲಿ ವೆನಿಸ್‌ನಲ್ಲಿ ಲುಕಾ ಪಚೋಲಿ ಎಂಬ ಸನ್ಯಾಸಿ ಗಣಿತದ ಒಂದು ದೊಡ್ಡ ಗ್ರಂಥ ಅಚ್ಚು ಹಾಕಿಸಿದ. ಅದರ ಒಂದು ಭಾಗದಲ್ಲಿ, ವೆನಿಸ್ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದ ಜಮಾ-ಖರ್ಚಿನ ಪದ್ಧತಿಯನ್ನು, ಅಂದರೆ ಪ್ರತಿ ವ್ಯವಹಾರವನ್ನು ಎರಡು ಕಡೆ ಬರೆಯುವ ಕ್ರಮವನ್ನು ವಿವರಿಸಿದ. ಗ್ರಂಥವನ್ನು ಪಂಡಿತರ ಲ್ಯಾಟಿನ್‌ನಲ್ಲಿ ಬರೆಯದೆ ಆಡುಭಾಷೆಯಾದ ಇಟಾಲಿಯನ್‌ನಲ್ಲಿ ಬರೆದ. ಅಂಗಡಿಯವನಿಗೂ ಅದನ್ನು ಓದಲು ಸಾಧ್ಯವಾಯಿತು. ವ್ಯವಹಾರ ಜ್ಞಾನ ಜನರ ಭಾಷೆಯಲ್ಲಿರಬೇಕು ಎನ್ನುವುದಕ್ಕೆ ಇದಕ್ಕಿಂತ ಹಳೆಯ, ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಬರೆದಿಟ್ಟರೆ ಸಾಲದು, ಬರೆದದ್ದನ್ನು ಓದಬೇಕು. ಸ್ಟೋಕ್ ಕಡೆಯ ಪಿಂಗಾಣಿ ಉದ್ಯಮಿ ಜೊಸಾಯ ವೆಜ್‌ವುಡ್ 1772ರ ಆರ್ಥಿಕ ಕುಸಿತದಲ್ಲಿ ಇಕ್ಕಟ್ಟಿಗೆ ಸಿಕ್ಕಿದ. ಮಾಲು ಮಾರಾಟವಾಗುತ್ತಿತ್ತು, ಕೈಯಲ್ಲಿ ಕಾಸು ಮಾತ್ರ ನಿಲ್ಲುತ್ತಿರಲಿಲ್ಲ. ತನ್ನ ಲೆಕ್ಕದ ಪುಸ್ತಕಗಳನ್ನು ಹಿಡಿದು ಕುಳಿತು ಒಂದೊಂದು ಸಾಮಾನಿಗೆ ತಗಲುವ ಖರ್ಚನ್ನು ಬಿಡಿಸಿ ನೋಡಿದ. ಬಾಡಿಗೆ, ಅಚ್ಚು, ಗುಮಾಸ್ತರ ಸಂಬಳದಂಥ ಖರ್ಚುಗಳು ಹೆಚ್ಚು ಮಾಲು ತಯಾರಾದರೂ ಕಡಿಮೆ ತಯಾರಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ ಎಂಬುದು ಅವನಿಗೆ ಹೊಳೆಯಿತು. ತನ್ನ ಮುಖ್ಯ ಗುಮಾಸ್ತ ಮೋಸ ಮಾಡುತ್ತಿದ್ದುದೂ ಅದೇ ತಪಾಸಣೆಯಲ್ಲಿ ಹೊರಬಿತ್ತು.

ವರ್ಷಕ್ಕೊಮ್ಮೆ ಬಿಲ್ಲುಗಳ ಚೀಲವನ್ನು ಅಕೌಂಟೆಂಟ್ ಮೇಜಿನ ಮೇಲೆ ಸುರಿದು, ‘ಸರ್, ಟ್ಯಾಕ್ಸ್ ಎಷ್ಟು ಹೇಳಿ’ ಎನ್ನುವವರಿಗೆ ನಾನು ವೆಜ್‌ವುಡ್ ಕಥೆ ಹೇಳುತ್ತೇನೆ. ನಿಮ್ಮ ವ್ಯಾಪಾರದ ಮೊದಲ ಪಠ್ಯಪುಸ್ತಕ ನಿಮ್ಮದೇ ಲೆಕ್ಕ. ತಿಂಗಳಿಗೊಮ್ಮೆ ಅರ್ಧ ಗಂಟೆ ಅದನ್ನು ಓದಿ.

ಸಹಿ ಹಾಕುವ ಮೊದಲು

ಓದಿನ ಬೆಲೆ ಪೌಂಡ್‌ನಲ್ಲಿ ಕಾಣುವುದು ಕರಾರು ಪತ್ರದ ಮುಂದೆ. ನಮ್ಮವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯಲ್ಲೋ ಐಟಿ ಕಂಪನಿಯಲ್ಲೋ ಹತ್ತು ವರ್ಷ ದುಡಿದು, ಉಳಿಸಿದ ಹಣದಲ್ಲಿ ಒಂದು ಸಣ್ಣ ಹೋಟೆಲ್ ಅಥವಾ ಅಂಗಡಿ ಹಾಕುವ ಆಸೆಯಿಂದ ಬರುತ್ತಾರೆ. ಹಾಗೆ ಬಂದ ದಂಪತಿಗಳಲ್ಲಿ ಆ ತಾಯಿ ಕನ್ನಡ ಕಾದಂಬರಿಗಳನ್ನು ಒಂದೂ ಬಿಡದೆ ಓದುವವರು. ಅಂಗಡಿಯ ಲೀಸ್ ಪತ್ರವನ್ನೂ ಹಾಗೆಯೇ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಮೂರು ಸಂಜೆ ಕುಳಿತು ಓದಿದ್ದರು. ‘ಸರ್, ರಿಪೇರಿ ಅನ್ನೋ ಕಡೆ “ಪುಟ್ ಅಂಡ್ ಕೀಪ್” ಅಂತ ಇದೆಯಲ್ಲ, ಕೀಪ್ ಗೊತ್ತಾಯ್ತು, ಪುಟ್ ಯಾಕೆ?’ ಎಂದು ಕೇಳಿದರು.

ಆ ಒಂದು ಷರತ್ತಿನಲ್ಲಿ ಸಾವಿರಾರು ಪೌಂಡ್ ಅಡಗಿರುತ್ತದೆ. ‘ಕೀಪ್’ ಅಂದರೆ ಕಟ್ಟಡವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಿ ಎಂದು. ‘ಪುಟ್’ ಎಂದರೆ, ಈಗಾಗಲೇ ಹಾಳಾಗಿದ್ದರೂ ನೀವೇ ಸರಿಪಡಿಸಿಕೊಡಿ ಎಂದು ಸ್ಪಷ್ಟವಾಗಿ ಹೇಳಿದಂತೆ. ಸೋರುವ ಚಾವಣಿ ಹಿಂದಿನವರ ಕಾಲದ್ದಾದರೂ ಖರ್ಚು ನಿಮ್ಮದೇ. ಅವರು ಸಾಲಿಸಿಟರ್ ಮೂಲಕ ಮಾತಾಡಿ, ಈಗಿರುವ ಸ್ಥಿತಿಯನ್ನು ಫೋಟೊ ಸಮೇತ ದಾಖಲಿಸಿ, ಅದಕ್ಕಿಂತ ಉತ್ತಮಪಡಿಸುವ ಹೊಣೆ ತಮ್ಮದಲ್ಲ ಎಂದು ಬರೆಸಿಕೊಂಡರು.

ಇದೇ ರೀತಿ ನೋಡಬೇಕಾದ ಇನ್ನೆರಡು ಜಾಗಗಳಿವೆ. ಒಂದು, ಇಂಗ್ಲೆಂಡ್‌ನಲ್ಲಿ 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್ ವ್ಯಾಪಾರಿ ಬಾಡಿಗೆದಾರರಿಗೆ ಅವಧಿ ಮುಗಿದ ಮೇಲೆ ಲೀಸ್ ನವೀಕರಣ ಕೇಳುವ ಹಕ್ಕು ಕೊಡುತ್ತದೆ. ಆದರೆ ಆ ಕಾಯ್ದೆಯ 24ರಿಂದ 28ರವರೆಗಿನ ಸೆಕ್ಷನ್‌ಗಳು ಅನ್ವಯಿಸುವುದಿಲ್ಲ ಎಂದು ಪತ್ರದಲ್ಲಿದ್ದರೆ ಆ ಹಕ್ಕು ಇಲ್ಲ. ಐದು ವರ್ಷ ಕಷ್ಟಪಟ್ಟು ಗಿರಾಕಿ ಬೆಳೆಸಿದ ಮೇಲೆ ಜಾಗ ಬಿಡಿ ಎಂದರೆ ಬಿಡಬೇಕು. ಇನ್ನೊಂದು, ಪರ್ಸನಲ್ ಗ್ಯಾರಂಟಿ. ಲಿಮಿಟೆಡ್ ಕಂಪನಿ ಮಾಡಿದ್ದೇನೆ, ಕಂಪನಿ ಮುಳುಗಿದರೂ ಮನೆಗೆ ತೊಂದರೆಯಿಲ್ಲ ಎಂದು ಬಹಳ ಮಂದಿ ನಂಬಿರುತ್ತಾರೆ. ಗ್ಯಾರಂಟಿ ಪತ್ರಕ್ಕೆ ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ಆ ರಕ್ಷಣೆ ಹೋಯಿತು. ಮಕ್ಕಳು ಮಲಗುವ ಮನೆಯೇ ಪಣಕ್ಕೆ ಬಿದ್ದಂತೆ.

ತೆರಿಗೆಯಲ್ಲೂ ಹೀಗೆಯೇ. ಹಿಂದಿನ ಹನ್ನೆರಡು ತಿಂಗಳ ತೆರಿಗೆಗೊಳಪಡುವ ವಹಿವಾಟು 90,000 ಪೌಂಡ್ ದಾಟಿದರೆ ವ್ಯಾಟ್ ನೋಂದಣಿ ಮಾಡಿಸಬೇಕು. ಹನ್ನೆರಡು ತಿಂಗಳೆಂದರೆ ಲೆಕ್ಕದ ವರ್ಷವಲ್ಲ, ಪ್ರತಿ ತಿಂಗಳ ಕೊನೆಗೆ ಹಿಂತಿರುಗಿ ನೋಡಬೇಕು. ನೋಂದಣಿಯಾದ ಮೇಲೆ ಬಿಸಿಬೇಳೆಬಾತ್‌ನ ಬಿಸಿ ಪೊಟ್ಟಣವನ್ನು 9 ಪೌಂಡ್‌ಗೆ ಮಾರಿದರೆ ಅದರಲ್ಲಿ 1.50 ಪೌಂಡ್ ಸರ್ಕಾರದ್ದು. ಕಟ್ಟಿಕೊಡುವ ತಣ್ಣನೆಯ ತಿಂಡಿಯಲ್ಲಿ ಬಹಳಷ್ಟಕ್ಕೆ ತೆರಿಗೆ ದರ ಸೊನ್ನೆ. ಮಿಠಾಯಿಗೆ ಸಾಮಾನ್ಯವಾಗಿ 20 ಶೇಕಡಾ ಇದ್ದರೂ, ಲಾಡು, ಬರ್ಫಿ, ಹಲ್ವ, ಜಿಲೇಬಿಗಳನ್ನು ಹೆಸರು ಹಿಡಿದು ಸೊನ್ನೆ ದರಕ್ಕೆ ಸೇರಿಸಿರುವುದು ಎಚ್‌ಎಂಆರ್‌ಸಿಯ 701/14ನೇ ಪ್ರಕಟಣೆಯಲ್ಲಿದೆ. ಅದೆಲ್ಲ ಉಚಿತವಾಗಿ, ಸಾಕಷ್ಟು ಸರಳ ಇಂಗ್ಲಿಷ್‌ನಲ್ಲಿ ಸಿಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದನ್ನು ನಂಬುವ ಬದಲು ಮೂಲ ಓದಿ. ವೀಸಾ ಮೇಲಿರುವವರು ಸ್ವಂತ ವ್ಯಾಪಾರದ ಯೋಚನೆಗೂ ಮೊದಲು ತಮ್ಮ ವೀಸಾದ ಷರತ್ತುಗಳನ್ನು ಓದಬೇಕು.

ಕಾದಂಬರಿ ಓದಿದರೆ ಏನು ಸಿಗುತ್ತದೆ?

ಇದನ್ನು ಬಹಳ ಮಂದಿ ಕೇಳುತ್ತಾರೆ. ಕಾನೂನು, ತೆರಿಗೆ ಸರಿ, ಕಥೆ-ಕಾದಂಬರಿ ಯಾಕೆ? ಆ ಲೀಸ್ ಓದಿದ ತಾಯಿಯೇ ಇದಕ್ಕೆ ಅರ್ಧ ಉತ್ತರ. ಪದಕ್ಕೆ ಪದ ನಿಂತು ಓದುವ ತಾಳ್ಮೆ ಅವರಿಗೆ ಬಂದದ್ದು ಕಾದಂಬರಿಗಳಿಂದ.

ಉಳಿದರ್ಧಕ್ಕೆ ಎರಡು ಪುಸ್ತಕ ಹೇಳುತ್ತೇನೆ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಅವರ ‘ಶಿಕಾರಿ’ 1979ರದು. ಕಾರಣ ತಿಳಿಸದೆ ಕೆಲಸದಿಂದ ಅಮಾನತುಗೊಂಡ ನಾಗಪ್ಪ ಎಂಬ ಅಧಿಕಾರಿಯ ಕಥೆ. ಕಂಪನಿಯೊಳಗೆ ಭಯ ಹೇಗೆ ಕೆಲಸ ಮಾಡುತ್ತದೆ, ನಗುನಗುತ್ತ ಮಾತಾಡುವವರು ಏನು ಬಚ್ಚಿಡುತ್ತಾರೆ ಎಂಬುದು ಅದರಲ್ಲಿದೆ. ಪರದೇಶದ ಕಚೇರಿಯಲ್ಲಿ ಒಂಟಿಯಾಗಿ ಮೀಟಿಂಗ್‌ಗೆ ಹೋಗುವವರಿಗೆ ಅದು ಮ್ಯಾನೇಜ್‌ಮೆಂಟ್ ಪುಸ್ತಕಗಳಿಗಿಂತ ಹತ್ತಿರ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಬೆಂಗಳೂರಿನ ಸಾಧಾರಣ ಕುಟುಂಬವೊಂದಕ್ಕೆ ಮಸಾಲೆ ವ್ಯಾಪಾರದಿಂದ ದಿಢೀರ್ ಹಣ ಬರುತ್ತದೆ. ದುಡಿಯುವವರು ಚಿಕ್ಕಪ್ಪ, ಕಥೆ ಹೇಳುವವನು ಕಾಗದದ ಮೇಲೆ ಡೈರೆಕ್ಟರ್. ಕುಟುಂಬ ವ್ಯಾಪಾರದಲ್ಲಿ ಯಾರ ಹೆಸರು ಎಲ್ಲಿರಬೇಕು, ಹಣ ಬಂದ ಮೇಲೆ ಮನೆಯವರ ನಡುವೆ ಏನು ಬದಲಾಗುತ್ತದೆ ಎಂಬ ಪ್ರಶ್ನೆಗಳು ನನ್ನ ಕಚೇರಿಗೂ ಬರುತ್ತವೆ, ಆದರೆ ಅಲ್ಲಿಗೆ ಬರುವ ಹೊತ್ತಿಗೆ ಜಗಳವಾಗಿರುತ್ತದೆ.

ಇನ್ನೊಂದು ಹೆಮ್ಮೆಯ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತಾರಾಷ್ಟ್ರೀಯ ಬುಕರ್ ಗೆದ್ದವು. ಅದನ್ನು ಇಂಗ್ಲೆಂಡ್‌ನಲ್ಲಿ ಪ್ರಕಟಿಸಿದವರು ಲಂಡನ್‌ನ ದೊಡ್ಡ ಸಂಸ್ಥೆಯಲ್ಲ, ನಮ್ಮ ಪಕ್ಕದ ಶೆಫೀಲ್ಡ್‌ನ ಪುಟ್ಟ ಪ್ರಕಾಶನ ‘ಆ್ಯಂಡ್ ಅದರ್ ಸ್ಟೋರೀಸ್’. ಓದುಗರಿಂದ ಮುಂಗಡ ಚಂದಾ ಪಡೆದು ಪುಸ್ತಕ ತರುವುದು ಅವರ ಕ್ರಮಗಳಲ್ಲಿ ಒಂದು. 1768ರ ಲೀಡ್ಸ್‌ನ ಲೆಕ್ಕಾಚಾರ ಈಗಲೂ ನಡೆಯುತ್ತದೆ ಎಂದಾಯಿತು.

ಎಲ್ಲಿಂದ ಶುರು ಮಾಡುವುದು?

ಖರ್ಚಿಲ್ಲದೆ ಶುರು ಮಾಡಬಹುದು. ನಿಮ್ಮ ಊರಿನ ಲೈಬ್ರರಿ ಕಾರ್ಡ್ ಉಚಿತ, ಅದರಿಂದ ಇ-ಪುಸ್ತಕಗಳೂ ಸಿಗುತ್ತವೆ. ವ್ಯಾಪಾರದ ಯೋಚನೆ ಇರುವವರಿಗೆ ಬ್ರಿಟಿಷ್ ಲೈಬ್ರರಿಯ ಜಾಲಕ್ಕೆ ಸೇರಿದ ಬಿಸಿನೆಸ್ ಅಂಡ್ ಐಪಿ ಸೆಂಟರ್‌ಗಳು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಮೂರೂ ಕಡೆಯ ಕೇಂದ್ರ ಗ್ರಂಥಾಲಯಗಳಲ್ಲಿವೆ. ಹೊರಗೆ ದುಬಾರಿ ಬೆಲೆಯ ಮಾರುಕಟ್ಟೆ ವರದಿಗಳನ್ನು ಅಲ್ಲಿ ಕುಳಿತು ಓದಬಹುದು, ಟ್ರೇಡ್‌ಮಾರ್ಕ್ ಬಗ್ಗೆ ವಿಚಾರಿಸಬಹುದು.

ಸಮಯ ಎಲ್ಲಿದೆ ಎನ್ನುವವರಿಗೆ ನನ್ನ ಸಲಹೆ ಚಿಕ್ಕದು. ರೈಲಿನಲ್ಲೋ ಬಸ್ಸಿನಲ್ಲೋ ಇಪ್ಪತ್ತು ನಿಮಿಷ. ತಿಂಗಳಿಗೊಂದು ಕೆಲಸಕ್ಕೆ ಬೇಕಾದ ಪುಸ್ತಕ, ಒಂದು ಕನ್ನಡ ಪುಸ್ತಕ. ಓದಿ ಮುಗಿಸಿದ ಮೇಲೆ ಒಂದು ಪುಟದ ಟಿಪ್ಪಣಿ: ಇದರಿಂದ ನಾನು ಏನನ್ನು ಬದಲಾಯಿಸುತ್ತೇನೆ? ಏನೂ ಇಲ್ಲದಿದ್ದರೆ ಚಿಂತೆಯಿಲ್ಲ, ಓದಿದ ಸಂತೋಷ ಸಿಕ್ಕಿತಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. 2013ರಲ್ಲಿ ತೆರೆದ ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮ್‌ನ ಸಮಯ 2015ರಲ್ಲೇ ವಾರಕ್ಕೆ 73 ಗಂಟೆಯಿಂದ 40 ಗಂಟೆಗೆ ಇಳಿಯಿತು. 2023ರಲ್ಲಿ ನಗರಸಭೆಯ ಹಣಕಾಸು ಕುಸಿದ ಮೇಲೆ ಬಡಾವಣೆಗಳ ಗ್ರಂಥಾಲಯಗಳಿಗೂ ಕತ್ತರಿ ಬಿತ್ತು. ಬಜೆಟ್ ಮಾಡುವವರು ಎಷ್ಟು ಜನ ಬರುತ್ತಾರೆ ಎಂದು ನೋಡುತ್ತಾರೆ, ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ನೋಡುತ್ತೇನೆ. ಆದ್ದರಿಂದ ಈ ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಎಲ್ಲರಿಗೂ ಒಂದೊಂದು ಕಾರ್ಡ್ ಮಾಡಿಸಿ. ನಾವು ಕೊಡುವ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಅದರ ಹಣವೂ ಸೇರಿದೆ.