ಹೊಲದಂಚಿನ ನಾಯಿಗೆ ಯಾವ ಪಾಠ?

ಸಾಕುನಾಯಿಯ ತರಬೇತಿ ಎಂಬ ಒಂದೇ ಹೆಸರಿನೊಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಮನೆಯವರು, ನೆರೆಯವರು, ಬಂದುಹೋಗುವವರ ನಡುವೆ ತಕರಾರಿಲ್ಲದೆ ಬಾಳುವುದನ್ನು ಕಲಿಸುವುದು ಒಂದು. ಬೈಕಿನ ಹಿಂದೆ ಓಡುವುದು, ಕಚ್ಚಲು ಹೋಗುವುದು, ಒಂಟಿಯಾಗಿ ಬಿಟ್ಟರೆ ಊಳಿಡುವುದು ಇಂಥ ಚಾಳಿ ಬಿಡಿಸುವುದು ಇನ್ನೊಂದು. ವಾಸನೆ ಹಿಡಿದು ಪತ್ತೆ ಹಚ್ಚುವಂಥ ಕಸುಬು ಕಲಿಸುವುದು ಮತ್ತೂ ಬೇರೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಬಹುಪಾಲು ಮನೆಗಳಿಗೆ ಬೇಕಾದದ್ದು ಮೊದಲನೆಯದು. ಆದರೆ ಮರಿ ಮನೆಗೆ ಬಂದ ಕೂಡಲೇ ‘ಕಳ್ಳರನ್ನು ಹಿಡಿಯೋ ಹಂಗೆ ಮಾಡ್ಕೊಡಿ’ ಎಂದು ಕೇಳುವವರಿಗೇನೂ ಕಡಿಮೆಯಿಲ್ಲ.

ಕಸುಬು ಕಲಿತ ನಾಯಿ ಎಂದರೆ ಈ ಭಾಗದ ಜನರಿಗೆ ನೆನಪಾಗುವುದು ಬಂಡೀಪುರದ ರಾಣಾ. ಅರಣ್ಯ ಇಲಾಖೆಯ ಈ ಜರ್ಮನ್ ಶೆಫರ್ಡ್ ಭೋಪಾಲದಲ್ಲಿ ಪಳಗಿ ಬಂದ ಪತ್ತೆ ನಾಯಿಯಾಗಿತ್ತು. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಇಬ್ಬರು ರೈತರನ್ನು ಕೊಂದ ಹುಲಿಯ ಹುಡುಕಾಟದಲ್ಲಿ ಸಾಕಾನೆಗಳ ಜೊತೆ ಅದೂ ಇತ್ತು. ಆ ಅಕ್ಟೋಬರ್‌ನಲ್ಲಿ ಹುಲಿ ಜೀವಂತ ಸೆರೆ ಸಿಕ್ಕಿತು. ದೇಶದ ಕಾಡುಗಳಿಗೆ ಇಂಥ ನಾಯಿಗಳನ್ನು ಒದಗಿಸುವ ಯೋಜನೆಯನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2008ರಲ್ಲಿ ಶುರುಮಾಡಿತು. ಸುಮಾರು ಒಂಬತ್ತು ತಿಂಗಳ ಪಾಠ, ಒಂದೊಂದು ನಾಯಿಗೂ ಇಬ್ಬರು ಹ್ಯಾಂಡ್ಲರ್‌ಗಳು. ನಾಯಿಯ ಜೊತೆಗೆ ಆ ಇಬ್ಬರಿಗೂ ಅಲ್ಲೇ ತರಬೇತಿ. ಊರಿಗೆ ಮರಳಿದ ಮೇಲೂ ಅಭ್ಯಾಸ ನಿಲ್ಲುವಂತಿಲ್ಲ. ಇಂಥ ನಾಯಿಗೆ ಸಿಗುವ ಕೂಲಿ ಸಾಮಾನ್ಯವಾಗಿ ಒಂದು ಚೆಂಡು, ಅದರ ಜೊತೆ ನಾಲ್ಕು ನಿಮಿಷದ ಆಟ, ಬೆನ್ನಿಗೊಂದು ಶಹಭಾಸ್. ಹೊಡೆತದ ಭಯದಲ್ಲಿರುವ ನಾಯಿ ಮೂಗನ್ನು ನೆಚ್ಚಿ ಮುಂದೆ ಹೋಗುವುದಿಲ್ಲ, ಹಿಂದಿರುವವನ ಮುಖ ನೋಡುತ್ತ ನಿಲ್ಲುತ್ತದೆ.

ನೂರು ವರ್ಷಗಳ ಹಿಂದೆ ಲೆಕ್ಕಾಚಾರ ಬೇರೆ ಇತ್ತು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಪೊಲೀಸ್ ಮತ್ತು ಸೇನೆಯ ನಾಯಿಗಳಿಗಾಗಿ ಹುಟ್ಟಿದ್ದು. ಕೊರಳಪಟ್ಟಿ ಜಗ್ಗುವುದು, ಬಲವಂತ ಮಾಡುವುದು ಅದರ ಮುಖ್ಯ ಸಾಧನಗಳಾಗಿದ್ದವು. ಆಮೇಲೆ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಕಲಿಕೆಯ ಗುಟ್ಟನ್ನು ಬಿಡಿಸಿಟ್ಟವು: ಯಾವ ನಡತೆಯಿಂದ ಲಾಭವಿದೆಯೋ ಪ್ರಾಣಿ ಅದನ್ನೇ ಮತ್ತೆ ಮಾಡುತ್ತದೆ. ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕ್ಯಾರನ್ ಪ್ರಯರ್ 1984ರ ತಮ್ಮ ಪುಸ್ತಕದಲ್ಲಿ ಈ ತತ್ವವನ್ನು ಮನೆಮಂದಿಗೂ ತಿಳಿಯುವಂತೆ ವಿವರಿಸಿದರು. ಡಾಲ್ಫಿನ್ನಿಗೆ ಕೊರಳಪಟ್ಟಿ ಕಟ್ಟಿ ಜಗ್ಗಲು ಆಗುವುದಿಲ್ಲವಲ್ಲ!

‘ನಾಯಿ ತೋಳದ ವಂಶ, ಯಜಮಾನ ತಾನೇ ಎಂದು ಮನುಷ್ಯ ಬಲದಿಂದ ತೋರಿಸಬೇಕು’ ಎಂಬ ಮಾತು ಇಂದಿಗೂ ಕೆಲವು ತರಬೇತುದಾರರ ಬಾಯಲ್ಲಿದೆ. ತೋಳಗಳ ಹಿಂಡಿಗೊಬ್ಬ ಆಲ್ಫಾ, ಅಂದರೆ ಒಡೆಯ, ಇರುತ್ತಾನೆಂಬ ಕಲ್ಪನೆಯನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಚ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಗೆದ್ದವನ ಆಳ್ವಿಕೆಯ ಗುಂಪಲ್ಲ. ಮರಿಯನ್ನು ನೆಲಕ್ಕೆ ಒತ್ತಿಹಿಡಿದು ‘ಬುದ್ಧಿ ಕಲಿಸುವ’ ಪದ್ಧತಿಗೆ ಇದ್ದ ಆಧಾರ ಅಲ್ಲಿಗೇ ಕುಸಿಯಿತು. ಪ್ರಾಣಿ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರ ಹೇಳಿಕೆಯಲ್ಲಿ ಬಹುಮಾನದ ವಿಧಾನವನ್ನೇ ಎತ್ತಿಹಿಡಿದಿದೆ. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ವೇಲ್ಸ್ 2010ರಲ್ಲೇ ನಿಷೇಧಿಸಿತು.

ಪಾಠಕ್ಕೆ ಕಾಲವೂ ಮುಖ್ಯ. ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದ ಪ್ರಕಾರ ಮರಿಯ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಅವಧಿ ಲೋಕ ಪರಿಚಯದ ಕಾಲ. ಆಗ ಕಂಡದ್ದು, ಕೇಳಿದ್ದು ಮುಂದೆ ಮಾಮೂಲಾಗುತ್ತದೆ. ಕಾಣದೇ ಉಳಿದದ್ದು ಭಯ ಹುಟ್ಟಿಸಬಹುದು. ಟ್ರ್ಯಾಕ್ಟರ್, ಟಿಲ್ಲರ್, ಹಸು, ಶಾಲೆ ಮಕ್ಕಳು, ತಲೆ ಮೇಲೆ ಹೊರೆ ಹೊತ್ತು ಬರುವವರು, ತಮಟೆ ಸದ್ದು ಇವೆಲ್ಲವನ್ನೂ ದೂರದಿಂದ, ಮರಿ ಬೆದರದ ಹಾಗೆ ತೋರಿಸಬೇಕು. ಲಸಿಕೆ ಪೂರ್ತಿಯಾಗುವ ತನಕ ಎತ್ತಿಕೊಂಡೇ ತೋರಿಸುವುದು ಲೇಸು. ಬೀದಿನಾಯಿಗಳು ಓಡಾಡುವ ನೆಲದಲ್ಲಿ ಬಿಟ್ಟರೆ ಪಾರ್ವೊ, ಡಿಸ್ಟೆಂಪರ್ ಅಂಟುವ ಅಪಾಯವಿದೆ.

ಹೊಲಮನೆಯ ನಾಯಿ ಕಲಿಯಲೇಬೇಕಾದ ಪಾಠ ಒಂದೇ ಎಂದರೆ, ಅದು ಕರೆದಾಗ ತಿರುಗಿ ಬರುವುದು. ಬಂಡೀಪುರದ ಅಂಚಿನ ಅರಿಶಿನ, ಚೆಂಡುಹೂವಿನ ಹೊಲಗಳಿಗೆ ರಾತ್ರಿ ಕಾಡುಹಂದಿ, ಆನೆ ಬರುತ್ತವೆ. ಅಟ್ಟಿಸಿಕೊಂಡು ಹೋದ ನಾಯಿ ಹೆದರಿ ಓಡಿಬರುವುದು ಯಜಮಾನನ ಕಾಲಬುಡಕ್ಕೇ, ಅದರ ಬೆನ್ನಿಗೆ ಆನೆಯೂ ಬರಬಹುದು. ಕಲಿಸುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಹತ್ತು ಮೀಟರಿನಷ್ಟು ಉದ್ದದ ನೂಲಿನ ಹಗ್ಗ ಕಟ್ಟಿ, ಮೊದಲು ಅಂಗಳದಲ್ಲೇ ಹೆಸರು ಹಿಡಿದು ‘ಬಾ’ ಎಂದು ಒಮ್ಮೆ ಮಾತ್ರ ಕರೆಯುವುದು. ಬಂದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರೋ ಕೋಳಿಯ ಈಲಿಯೋ ಬಾಯಿಗೆ ಬೀಳಬೇಕು. ಬಳಿಕ ಮತ್ತೆ ಆಡಲು ಬಿಡಬೇಕು. ಅಂಗಳದಲ್ಲಿ ತಪ್ಪದಂತಾದ ಮೇಲೆ ಹೊಲದ ಬದು, ಅದಾದ ಮೇಲೆ ಬೇರೆ ನಾಯಿಗಳಿರುವ ಕಡೆ. ಬೈಯಲು, ಸ್ನಾನ ಮಾಡಿಸಲು, ಕಟ್ಟಿಹಾಕಲು ಎಂದೂ ಆ ಪದ ಬಳಸಬಾರದು. ಬಂದರೆ ಏಟು ಎಂದು ಒಮ್ಮೆ ಗೊತ್ತಾದ ನಾಯಿ ಮರುದಿನ ದೂರದಲ್ಲೇ ನಿಂತು ಬಾಲ ಅಲ್ಲಾಡಿಸುತ್ತದೆ. ಅಜ್ಜಿ ‘ಬಾ’ ಎಂದು, ಮೊಮ್ಮಗ ‘ಕಮ್’ ಎಂದು ಕರೆದರೆ ಪಾಠ ಇಮ್ಮಡಿ ಉದ್ದವಾಗುತ್ತದೆ.

ಮೊಲ, ಹಂದಿ ಹಿಡಿಯಲು ನಾಯಿಯನ್ನು ಪಳಗಿಸುವ ಹಳೇ ಹವ್ಯಾಸದ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿಯನ್ನು ಅಟ್ಟಾಡಿಸುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಕಾವಲಿನ ಆಸೆಗೆ ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು ತರಬೇತಿಯಲ್ಲ, ನಾಯಿಯನ್ನು ಕೆಡಿಸುವ ದಾರಿ. ಕಟ್ಟಿಹಾಕಿದ ನಾಯಿಗೆ ಓಡಿಹೋಗುವ ದಾರಿಯಿರುವುದಿಲ್ಲ, ಹಾಗಾಗಿ ಎದುರಿಗೆ ಬಂದವರ ಮೇಲೆರಗುವುದನ್ನೇ ರೂಢಿಸಿಕೊಳ್ಳುತ್ತದೆ. ಅದು ಮನೆಗೆ ಬಂದ ಮಗುವಿಗೂ ಕಳ್ಳನಿಗೂ ಭೇದ ಮಾಡುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ವಿನಾಕಾರಣ ಹೊತ್ತುಗಟ್ಟಲೆ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಿಗಿಯುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದು ಎರಡೂ ಅಪರಾಧ. ಅಪರಿಚಿತರು ಬಂದರೆ ಬೊಗಳುವುದು ಹೆಚ್ಚಿನ ನಾಯಿಗಳಿಗೆ ಹುಟ್ಟುಗುಣ; ಮನೆಗೆ ಅಷ್ಟು ಕಾವಲು ಸಾಕು. ಕಲಿಸಬೇಕಾದದ್ದು ‘ಸಾಕು’ ಎಂದಾಗ ನಿಲ್ಲಿಸುವುದನ್ನು. ರಾತ್ರಿ ಬಯಲಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಇಲ್ಲಿ ಯಾವ ತರಬೇತಿಯೂ ಕೆಲಸಕ್ಕೆ ಬಾರದು, ಭದ್ರ ಬಾಗಿಲಿನ ಗೂಡೋ ಮನೆಯ ಒಳಗಿನ ಮೂಲೆಯೋ ಬೇಕು.

ತಳಿ ನೋಡಿ ಪಾಠದ ಗತಿ ಬದಲಿಸಬೇಕು. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದೇ ಬೆಳೆದುಬಂದ ಮುಧೋಳ ನಾಯಿಗೆ ಓಡಲು ಬಯಲು ಬೇಕು, ಬೇಲಿಯೂ ಬೇಕು. ಕರೆದಾಗ ಬರುವ ಪಾಠ ಅದಕ್ಕೆ ನಿಧಾನವಾಗಿ ಹತ್ತುತ್ತದೆ. ಲ್ಯಾಬ್ರಡಾರ್ ತಿಂಡಿಯ ಆಸೆಗೆ ಬೇಗ ಕಲಿಯುತ್ತದೆ. ನಾಟಿ ನಾಯಿ ದಡ್ಡ ಎಂಬುದು ಸುಳ್ಳು. ಅದಕ್ಕೆ ಯಾರೂ ಕಲಿಸಲು ಕೂರುವುದಿಲ್ಲ ಅಷ್ಟೆ.

ತರಬೇತುದಾರರನ್ನು ಹುಡುಕಿ ಮೈಸೂರಿಗೋ ಬೆಂಗಳೂರಿಗೋ ಹೋಗುವವರಿಗೆ ತಿಂಗಳೆರಡು ತಿಂಗಳು ನಾಯಿಯನ್ನು ಬಿಟ್ಟುಬರುವ ವ್ಯವಸ್ಥೆ ಅನುಕೂಲವೆನಿಸಬಹುದು. ನಾಯಿ ಅಲ್ಲಿ ಕಲಿಯುತ್ತದೆ ನಿಜ, ಆದರೆ ಅಲ್ಲಿಯವರ ಮಾತಿಗೆ, ಅಲ್ಲಿಯ ಅಂಗಳಕ್ಕೆ. ಮನೆಯವರು ಕಲಿಯದಿದ್ದರೆ ಕೊಟ್ಟ ಹಣದ ಗುಣ ಕೆಲವೇ ವಾರಗಳಲ್ಲಿ ಕರಗುತ್ತದೆ. ವಾರಕ್ಕೊಮ್ಮೆ ಬಂದು ಯಜಮಾನನಿಗೆ ಕಲಿಸಿ, ಉಳಿದ ದಿನಗಳ ಅಭ್ಯಾಸವನ್ನು ಅವನಿಗೇ ಒಪ್ಪಿಸುವವರು ಸಾಕುನಾಯಿಯ ಮಟ್ಟಿಗೆ ಮೇಲು. ಒಪ್ಪುವ ಮೊದಲು ಒಂದು ಪಾಠವನ್ನು ಎದುರಿಗೇ ನೋಡಬೇಕು. ನಾಯಿ ತಪ್ಪಿದಾಗ ಏನು ಮಾಡುತ್ತೀರಿ ಎಂದು ಕೇಳಬೇಕು. ಬಾಲ ಕಾಲಸಂದಿಗೆ ಸೇರಿ, ಕಿವಿ ಹಿಂದಕ್ಕೆ ಮಡಿಸಿ, ತುಟಿ ನೆಕ್ಕುತ್ತ ಮಾತು ಕೇಳುವ ನಾಯಿ ಕಂಡರೆ ಉತ್ತರ ಕೇಳುವುದೂ ಬೇಕಿಲ್ಲ.

ಚಾಳಿ ಬಿಡಿಸುವ ಮಾತು ಬಂದರೆ ಮೊದಲು ಹೋಗಬೇಕಾದದ್ದು ಪಶು ಆಸ್ಪತ್ರೆಗೆ. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು ಇರುವ ನಾಯಿ ಮುಟ್ಟಿದರೆ ಗುರ್ರೆನ್ನುವುದು ಸಹಜ, ಅದನ್ನು ಪಾಠದಿಂದ ತಿದ್ದಲಾಗದು. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ನಡತೆ ಏಕಾಏಕಿ ಬದಲಾಗಿ, ಜೊಲ್ಲು ಸುರಿಸುತ್ತ, ದನಿ ಒಡೆದು, ಕಂಡದ್ದನ್ನೆಲ್ಲ ಕಚ್ಚಲು ಹೊರಟರೆ ರೇಬೀಸ್ ಇರಬಹುದು. ಆಗ ನಾಯಿಯ ಹತ್ತಿರ ಸುಳಿಯದೆ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.