ಹೆಣ್ಣು ಕುದುರೆಯ ಮುನಿಸಿಗೆ ಹಗಲಿನ ಲೆಕ್ಕ

ಇಂಗ್ಲೆಂಡಿನ ನ್ಯೂಮಾರ್ಕೆಟ್ ರೇಸ್ ಕುದುರೆಗಳಿಗೆ ಹೆಸರಾದ ಊರು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 4ಕ್ಕೆಲ್ಲ ಕತ್ತಲಾಗುತ್ತದೆ. ಆದರೆ ಹೆಣ್ಣು ಕುದುರೆಗಳಿರುವ ಲಾಯಗಳಲ್ಲಿ ರಾತ್ರಿ ತುಂಬ ಹೊತ್ತಿನವರೆಗೆ ದೀಪ ಉರಿಯುತ್ತಿರುತ್ತದೆ. ಈ ದೀಪ ಕುದುರೆ ಕಾಯುವವರಿಗಲ್ಲ, ಕುದುರೆಗೇ. ಅದರ ಬೆದೆ, ಬೆದೆಯೊಂದಿಗೆ ಬದಲಾಗುವ ಸಿಟ್ಟು, ಸಹನೆ ಇವುಗಳ ಹಿಂದೆ ಕಣ್ಣಿಗೆ ಬೀಳುವ ಬೆಳಕಿನ ಲೆಕ್ಕವಿದೆ. ಆ ಲೆಕ್ಕ ಗೊತ್ತಿಲ್ಲದವರೇ ಒಳ್ಳೆಯ ಕುದುರೆಗೆ ‘ಹಟಮಾರಿ’ ಎಂಬ ಹೆಸರು ಕಟ್ಟುವುದು.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ ಎಂಬುದು ಹೈನುಗಾರರಿಗೆಲ್ಲ ಗೊತ್ತು. ಕುದುರೆಯದೂ ಹೆಚ್ಚುಕಡಿಮೆ ಅಷ್ಟೇ ದಿನಗಳ ಚಕ್ರ. ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ. ಹಸುವಿನ ಬೆದೆ ಒಂದು ದಿನದೊಳಗೆ ಮುಗಿದರೆ ಕುದುರೆಯದು 5ರಿಂದ 7 ದಿನ ಎಳೆಯುತ್ತದೆ. ಹಸು ವರ್ಷವಿಡೀ ಬೆದೆಗೆ ಬಂದರೆ ಶೀತ ದೇಶಗಳ ಹೆಚ್ಚಿನ ಕುದುರೆಗಳು ಚಳಿಗಾಲದಲ್ಲಿ ಬೆದೆಯನ್ನೇ ನಿಲ್ಲಿಸುತ್ತವೆ.

ನಿಲ್ಲಿಸುವುದಕ್ಕೆ ಕಾರಣವೂ ಇದೆ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಹಗಲು ಉದ್ದವಾಗುವ ಕಾಲದಲ್ಲಿ ಗರ್ಭ ಕಟ್ಟಿದರೆ ಮುಂದಿನ ವರ್ಷ ಹಸಿರು ಹುಲ್ಲಿನ ಕಾಲಕ್ಕೇ ಮರಿ ಹುಟ್ಟುತ್ತದೆ. ಇದನ್ನೆಲ್ಲ ಲೆಕ್ಕ ಇಡುವುದು ಮಿದುಳಿನ ಪುಟ್ಟ ಪೀನಿಯಲ್ ಗ್ರಂಥಿ. ಕತ್ತಲಿರುವಷ್ಟು ಹೊತ್ತೂ ಅದು ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತದೆ. ರಾತ್ರಿ ಉದ್ದವಾದಷ್ಟೂ ಮೆಲಟೋನಿನ್ ಹೆಚ್ಚು. ಅದು ಹೆಚ್ಚಿರುವವರೆಗೆ ಅಂಡಾಶಯವನ್ನು ಎಬ್ಬಿಸುವ ಮಿದುಳಿನ ಹಾರ್ಮೋನುಗಳು ಸುಮ್ಮನಿರುತ್ತವೆ. ಕುರಿಯಲ್ಲಿ ಇದೇ ಮೆಲಟೋನಿನ್ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಅದರ ಗರ್ಭಾವಧಿ 5 ತಿಂಗಳಷ್ಟೇ ಆದ್ದರಿಂದ ಶೀತ ದೇಶದ ಕುರಿ ಹಗಲು ಕುಗ್ಗುವಾಗ ಬೆದೆಗೆ ಬಂದು, ವಸಂತಕ್ಕೆ ಮರಿ ಹಾಕುತ್ತದೆ.

ಕುದುರೆ ಸಾಕುವವರಿಗೆ ಅತಿ ಕಷ್ಟದ ಕಾಲ ಚಳಿಗಾಲವೂ ಅಲ್ಲ, ಬೇಸಿಗೆಯೂ ಅಲ್ಲ. ಅವೆರಡರ ನಡುವಿನ ವಾರಗಳು. ಆಗ ಅಂಡಾಶಯ ಅರ್ಧ ಎಚ್ಚರ, ಅರ್ಧ ನಿದ್ದೆ. ಅಂಡವನ್ನು ಹೊತ್ತ ಕೋಶಗಳು ಬೆಳೆಯುತ್ತವೆ, ಒಡೆಯದೆ ಕರಗುತ್ತವೆ, ಮತ್ತೆ ಹೊಸವು ಬೆಳೆಯುತ್ತವೆ. ಇವು ಸುರಿಸುವ ಈಸ್ಟ್ರೋಜನ್ನಿನಿಂದ ಬೆದೆಯ ಲಕ್ಷಣ ವಾರಗಟ್ಟಲೆ ಮುಂದುವರಿಯಬಹುದು. ಕೊನೆಗೊಂದು ದಿನ ಸುಮಾರು 4 ಸೆಂಟಿಮೀಟರ್ ಬೆಳೆದ ಕೋಶ ಒಡೆದು ಅಂಡ ಹೊರಬೀಳುತ್ತದೆ. ಒಡೆದ ಜಾಗದಲ್ಲಿ ಕಾರ್ಪಸ್ ಲ್ಯೂಟಿಯಂ ಎಂಬ ಗಂಟು ಕಟ್ಟಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸುರಿಸತೊಡಗುತ್ತದೆ. ಅಲ್ಲಿಂದ ಚಕ್ರ ಹದಕ್ಕೆ ಬರುತ್ತದೆ.

ಬೆದೆಯ ವರ್ತನೆಗೆ ಪ್ರೊಜೆಸ್ಟೆರಾನ್ ಕಡಿವಾಣವಿದ್ದಂತೆ. ಅದು ಇರುವ ಎರಡು ವಾರ ಹೆಣ್ಣು ಕುದುರೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಕಿವಿ ಹಿಂದಕ್ಕೆ ಒತ್ತಿ, ಕಿರುಚಿ, ಒದೆಯುತ್ತದೆ. ಗರ್ಭ ನಿಲ್ಲದಿದ್ದರೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಕಳಿಸಿ ಆ ಗಂಟನ್ನು ಕರಗಿಸುತ್ತದೆ. ಕಡಿವಾಣ ಕಳಚಿದ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಅಂಡಾಶಯಗಳನ್ನೇ ತೆಗೆದುಹಾಕಿದ ಕುದುರೆಗಳೂ ಬೆದೆಯ ಲಕ್ಷಣ ತೋರಿಸುವುದುಂಟು. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿದರೆ ತಂಟೆ ಮುಗಿಯಿತು ಎನ್ನುವಂತಿಲ್ಲ.

ನಿಜವಾದ ಬೆದೆಯನ್ನು ಗುರುತಿಸಲು ಹತ್ತಿರ ನಿಂತು ನೋಡಬೇಕು. ಬೆದೆಗೆ ಬಂದ ಕುದುರೆ ಗಂಡು ಕುದುರೆಯ ಕಡೆ ವಾಲುತ್ತದೆ, ಹಿಂಗಾಲು ಅಗಲಿಸಿ ಸೊಂಟ ತಗ್ಗಿಸುತ್ತದೆ, ಬಾಲ ಎತ್ತಿ ಒಂದಿಷ್ಟು ಮೂತ್ರ ಬಿಡುತ್ತದೆ, ಯೋನಿಯ ತುಟಿಗಳನ್ನು ಲಯವಾಗಿ ತೆರೆದು ಮುಚ್ಚುತ್ತದೆ. ಮುಖದಲ್ಲಿ ಸಿಟ್ಟಿರುವುದಿಲ್ಲ. ತಡಿ ಬಿಗಿಯುವಾಗ ಬಾಲ ಜಾಡಿಸಿ, ಕಿವಿ ಒತ್ತಿ, ಮೂತ್ರ ಚಿಮ್ಮಿಸುವ ಕುದುರೆಯದು ಬೇರೆಯೇ ಸಂಗತಿ. ಅದು ಭಯವೋ ನೋವೋ ಆಗಿರುವ ಸಂಭವವೇ ಹೆಚ್ಚು. ಬೆನ್ನಿನ ನೋವು, ಜಠರದ ಹುಣ್ಣು, ಹೊಂದದ ತಡಿ, ಕಾಲಿನ ಕುಂಟು ಇವೆಲ್ಲ ‘ಹಾರ್ಮೋನಿನ ಆಟ’ ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಗಂಡು ಕುದುರೆಯಂತೆ ಆಕ್ರಮಣ ಮಾಡತೊಡಗಿದರೆ ಅಂಡಾಶಯದ ಗ್ರ್ಯಾನ್ಯುಲೋಸಾ ಗಡ್ಡೆಯನ್ನೂ ಶಂಕಿಸಬೇಕು. ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗಿನಿಂದ ಅದನ್ನು ಪತ್ತೆ ಮಾಡಬಹುದು.

ಹಾಗಾಗಿ ನಿರ್ವಹಣೆಯ ಮೊದಲ ಸಲಕರಣೆ ಒಂದು ನೋಟ್‌ಪುಸ್ತಕ. ಯಾವ ದಿನ ಕುದುರೆ ಹೇಗಿತ್ತು ಎಂದು ಎರಡು ಮೂರು ತಿಂಗಳು ಬರೆದಿಟ್ಟರೆ ಉತ್ತರದ ಬಹುಪಾಲು ಅಲ್ಲೇ ಸಿಗುತ್ತದೆ. ತಂಟೆ ಮೂರು ವಾರಕ್ಕೊಮ್ಮೆ ಮರಳಿದರೆ ಹಾರ್ಮೋನು. ದಿನವೂ ಇದ್ದರೆ ಬೇರೆಡೆ ಹುಡುಕಬೇಕು. ವೈದ್ಯರು ಅಂಡಾಶಯವನ್ನು ಸ್ಕ್ಯಾನ್ ಮಾಡಿ ಈ ಬರಹದ ಜೊತೆ ತಾಳೆ ನೋಡಬಹುದು.

ಎರಡನೆಯದು ಬೆಳಕು. ಉತ್ತರ ಗೋಳಾರ್ಧದಲ್ಲಿ ರೇಸಿನ ತಳಿಯ ಎಲ್ಲ ಕುದುರೆಗಳಿಗೂ ಜನವರಿ 1 ಅಧಿಕೃತ ಹುಟ್ಟುಹಬ್ಬ. ವರ್ಷದ ಆರಂಭದಲ್ಲೇ ಹುಟ್ಟಿದ ಮರಿಗೆ ಓಟದಲ್ಲಿ ವಯಸ್ಸಿನ ಅನುಕೂಲ. ಅದಕ್ಕಾಗಿ ಡಿಸೆಂಬರಿನಿಂದಲೇ ಹಗಲು ಮತ್ತು ದೀಪ ಸೇರಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಲಾಯದ ಯಾವ ಮೂಲೆಯಲ್ಲಿ ನಿಂತರೂ ಪತ್ರಿಕೆ ಓದುವಷ್ಟು ಬೆಳಕಿದ್ದರೆ ಸಾಕು. ಸುಮಾರು 60ರಿಂದ 70 ದಿನಗಳಲ್ಲಿ ಅಂಡಾಶಯ ಎಚ್ಚರಗೊಳ್ಳುತ್ತದೆ. ಒಂದೇ ಕಣ್ಣಿಗೆ ನೀಲಿ ಬೆಳಕು ಬೀರುವ ಮುಖವಾಡಗಳೂ ಈಗ ಬಂದಿವೆ. ಚಳಿಗಾಲ ಕಳೆಯುವಾಗಿನ ಆ ಗೊಂದಲದ ವಾರಗಳು ಬೆಳಕಿನಿಂದ ಇಲ್ಲವಾಗುವುದಿಲ್ಲ, ಮುಂಚೆ ಬಂದು ಮುಂಚೆ ಮುಗಿಯುತ್ತವೆ.

ಮೂರನೆಯದು ಔಷಧ. ಹೆಚ್ಚು ಬಳಕೆಯಲ್ಲಿರುವುದು ಪ್ರೊಜೆಸ್ಟೆರಾನಿನಂತೆ ಕೆಲಸ ಮಾಡುವ ಆಲ್ಟ್ರೆನೊಜೆಸ್ಟ್. ದಿನವೂ ಬಾಯಿಗೆ ಹಾಕುವ ಈ ಎಣ್ಣೆಯಂಥ ಔಷಧ ಕೆಲವೇ ದಿನಗಳಲ್ಲಿ ಬೆದೆಯನ್ನು ತಡೆಯುತ್ತದೆ. ಕೊಡುವವರಿಗೆ ಮಾತ್ರ ಎಚ್ಚರಿಕೆ ಬೇಕು: ಚರ್ಮದ ಮೂಲಕ ಅದು ಮನುಷ್ಯರ ದೇಹಕ್ಕೂ ಸೇರುತ್ತದೆ, ಹೆಂಗಸರ ಮುಟ್ಟಿನ ಚಕ್ರವನ್ನೇ ಕೆಡಿಸಬಲ್ಲದು. ಗರ್ಭಿಣಿಯರು ಮುಟ್ಟಲೇಬಾರದು, ಉಳಿದವರು ನೈಟ್ರೈಲ್ ಅಥವಾ ವಿನೈಲ್ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ರೇಸಿನ ಕುದುರೆಯಾದರೆ ಔಷಧದ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಗರ್ಭಕೋಶದೊಳಗೆ 35 ಮಿಲಿಮೀಟರ್ ಗಾಜಿನ ಗೋಲಿ ಇಟ್ಟು ಬೆದೆ ತಡೆಯುವ ಪದ್ಧತಿಯೊಂದು ಕೆಲಕಾಲ ಚಾಲ್ತಿಯಲ್ಲಿತ್ತು. ಅದು ಅರ್ಧದಷ್ಟು ಕುದುರೆಗಳಲ್ಲೂ ಫಲ ಕೊಡಲಿಲ್ಲ, ಗರ್ಭಕೋಶಕ್ಕೆ ಅಪಾಯವನ್ನೂ ತಂದಿತು. ವೈದ್ಯರು ಈಗ ಅದನ್ನು ಬೇಡವೆನ್ನುತ್ತಾರೆ.

ನಮ್ಮ ನಾಡಿನ ಲೆಕ್ಕ ಸ್ವಲ್ಪ ಬೇರೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇರುವ ಕುಣಿಗಲ್ಲಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಕಿರಿದಾದುದಕ್ಕೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ನ್ಯೂಮಾರ್ಕೆಟ್ಟಿನಲ್ಲಿ ಅದು ಸುಮಾರು 9 ಗಂಟೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ವರ್ಷವಿಡೀ ಬೆದೆಗೆ ಬರುವ ಕುದುರೆಗಳು ಹೆಚ್ಚು. ಆದ್ದರಿಂದ ಇಂಗ್ಲೆಂಡಿನ ಪುಸ್ತಕದ ತಿಂಗಳುಗಳನ್ನು ಇಲ್ಲಿನ ಲಾಯಕ್ಕೆ ಹಾಗೆಯೇ ತಂದು ಹಚ್ಚಬಾರದು. ಇಲ್ಲಿ ಕುದುರೆ ಸಾಕುವವರು ತಮ್ಮ ಕುದುರೆಯ ದಿನಚರಿಯನ್ನು ತಾವೇ ಬರೆಯಬೇಕು. ಕುದುರೆ ಮುನಿದಾಗ ಚಾಟಿಗೆ ಕೈ ಹಾಕುವ ಮೊದಲು ಆ ಪುಟ ತೆರೆದು ನೋಡಿ, ಆಮೇಲೆ ಪಶುವೈದ್ಯರನ್ನು ಕರೆಯಿರಿ.