ಊರ ಮೇಲೆ ಹರಡಿದ ಬಿಳಿ ಬಿರುಕು

ಒಂದಷ್ಟು ಜಿಂಕ್ ವೈಟ್ ಬಣ್ಣದ ಪುಡಿ, ಪಿಂಗಾಣಿಗೆ ಬಳಸುವ ಕೆಯೋಲಿನ್ ಜೇಡಿಮಣ್ಣು, ನಮ್ಮ ಬಡಗಿಗಳ ಫೆವಿಕಾಲ್ ಜಾತಿಯ ಬಿಳಿ ಗೋಂದು. ಈ ಮೂರನ್ನೂ ನೀರಲ್ಲಿ ಕಲಸಿ, ಕಟ್ಟಡಗಳಿಗೆ ಬಳಸುವ ಅಗ್ಗದ ನಾರುಹಲಗೆಯ ಮೇಲೆ ದಪ್ಪಗೆ ಬಳಿದರೆ ಇಟಲಿಯ ಕಲಾವಿದ ಆಲ್ಬರ್ಟೊ ಬುರ್ರಿ ಅವರ ಅರ್ಧ ಕೆಲಸ ಮುಗಿಯಿತು. ಉಳಿದದ್ದನ್ನು ಗಾಳಿ ಮಾಡುತ್ತಿತ್ತು.

ನೀರು ಆರಿದಂತೆ ಆ ಕಲಸು ಕುಗ್ಗುತ್ತದೆ. ಆದರೆ ತಳ ಹಲಗೆಗೆ ಅಂಟಿರುವುದರಿಂದ ಕುಗ್ಗಲು ಜಾಗವಿಲ್ಲ. ಎಳೆತ ತಾಳಲಾರದೆ ಮೇಲ್ಮೈ ಅಲ್ಲಲ್ಲಿ ಬಾಯಿ ಬಿಡುತ್ತದೆ. ದಪ್ಪಗೆ ಬಳಿದ ಕಡೆ ದೊಡ್ಡ ಹೆಂಟೆಗಳು, ಬೆರಳು ತೂರುವಂಥ ಸೀಳು. ತೆಳ್ಳಗಿರುವ ಕಡೆ ಕೂದಲೆಳೆಯ ಗೆರೆ. ಬೇಸಿಗೆಯಲ್ಲಿ ಬಯಲುಸೀಮೆಯ ಕೆರೆಯಂಗಳ ಒಡೆಯುವುದೂ ಹೀಗೆಯೇ. ಬಿರುಕು ತಮಗೆ ಬೇಕಾದಷ್ಟು ತೆರೆದುಕೊಂಡಿತು ಎನಿಸಿದಾಗ ಬುರ್ರಿ ಮತ್ತೊಂದು ಸಲ ಗೋಂದು ಕೊಟ್ಟು ಅದನ್ನು ಅಲ್ಲಿಗೇ ತಡೆಯುತ್ತಿದ್ದರು. 1970ರ ದಶಕದಲ್ಲಿ ಮಾಡಿದ ಈ ಸರಣಿಯನ್ನು ‘ಕ್ರೆಟ್ಟಿ’, ಅಂದರೆ ಬಿರುಕುಗಳು ಎಂದು ಕರೆದರು. ಒಣಗಿದ ನೆಲ ಹೇಗೆ ಕಾಣುತ್ತದೆ ಎಂದು ಚಿತ್ರಿಸಿದವರು ಬೇಕಾದಷ್ಟು ಮಂದಿ. ಒಣಗುವ ಕೆಲಸವನ್ನೇ ಚಿತ್ರಕ್ಕೆ ಒಪ್ಪಿಸಿದವರು ಇವರು.

ಅವರ ಓದು ಚಿತ್ರಕಲೆಯದಲ್ಲ. 1915ರಲ್ಲಿ ಉಂಬ್ರಿಯಾ ಪ್ರಾಂತದ ಚಿತ್ತಾ ದಿ ಕಾಸ್ತೆಲ್ಲೊ ಎಂಬ ಊರಲ್ಲಿ ಹುಟ್ಟಿ, ಪೆರೂಜಾದಲ್ಲಿ ವೈದ್ಯಕೀಯ ಮುಗಿಸಿ, ಸೇನೆಯ ಡಾಕ್ಟರಾಗಿ ಉತ್ತರ ಆಫ್ರಿಕಕ್ಕೆ ಹೋದರು. 1943ರಲ್ಲಿ ಟ್ಯುನಿಷಿಯಾದಲ್ಲಿ ಸೆರೆ ಸಿಕ್ಕರು. ಅಲ್ಲಿಂದ ಸಾಗಿಸಿದ್ದು ಅಮೆರಿಕದ ಟೆಕ್ಸಸ್‌ನಲ್ಲಿದ್ದ ಹೆರ್ಫರ್ಡ್ ಯುದ್ಧಕೈದಿಗಳ ಶಿಬಿರಕ್ಕೆ. ಬುರ್ರಿ ಬಣ್ಣ ಮುಟ್ಟಿದ್ದು ಅಲ್ಲಿ. ಬೇಲಿಯಾಚೆಯ ಬಯಲನ್ನು ಬರೆದ ‘ಟೆಕ್ಸಸ್’ ಎಂಬ 1945ರ ಚಿತ್ರ ಈಗಲೂ ಉಳಿದಿದೆ. ಮರುವರ್ಷ ಇಟಲಿಗೆ ಮರಳಿದವರು ರೋಮ್‌ನಲ್ಲಿ ನೆಲೆಸಿದರು, ಡಾಕ್ಟರಿಕೆಯ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಡಾಂಬರು, ಹರಿದು ಹೊಲಿದ ಗೋಣಿಚೀಲ, ಸುಟ್ಟ ಮರ, ತಗಡು, ಬೆಂಕಿಗೆ ಕರಗಿದ ಪ್ಲಾಸ್ಟಿಕ್ ಎಲ್ಲವೂ ಚಿತ್ರವಾದವು. ಗೋಣಿಯ ಹೊಲಿಗೆ ಕಂಡ ವಿಮರ್ಶಕರಿಗೆ ಡಾಕ್ಟರು ಗಾಯಕ್ಕೆ ಹಾಕುವ ಹೊಲಿಗೆ ನೆನಪಾಯಿತು. ಯುದ್ಧ, ರಕ್ತ, ಬ್ಯಾಂಡೇಜು ಎಂದು ಬರೆದರು. ಬುರ್ರಿ ತಮ್ಮ ಕೃತಿಗಳಿಗೆ ಅರ್ಥ ಹೇಳಲು ಒಲ್ಲದ ಮನುಷ್ಯ. ಹಾಗಾಗಿ ಗಾಯದ ಮಾತೇ ಗಟ್ಟಿಯಾಯಿತು. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಗದ್ದಲದಲ್ಲಿ ನೆಲ ಮರೆತುಹೋಯಿತು ಎಂಬುದು ನನ್ನ ತಕರಾರು. ಈ ಮನುಷ್ಯ ಮೊದಲು ಬರೆದದ್ದೇ ಒಂದು ಬಯಲನ್ನು.

ಅಮೆರಿಕ ಅವರನ್ನು ಮತ್ತೆ ಕರೆಸಿಕೊಂಡಿತು, ಈ ಸಲ ಕೈದಿಯಾಗಿ ಅಲ್ಲ. ಹೆಂಡತಿ ಮಿನ್ಸಾ ಕ್ರೇಗ್ ಅಮೆರಿಕದ ನರ್ತಕಿ. 1963ರಿಂದ ಇಬ್ಬರೂ ಚಳಿಗಾಲವನ್ನು ಲಾಸ್ ಏಂಜಲೀಸ್‌ನಲ್ಲಿ ಕಳೆಯತೊಡಗಿದರು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೂ ಬುರ್ರಿ ಹೋಗಿಬರುತ್ತಿದ್ದರು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿನವರೆಗೂ ಇಳಿಯುವ ಈ ಕಣಿವೆಯಲ್ಲಿ ಎಂದೋ ಸರೋವರವಿತ್ತು. ಈಗ ಇರುವುದು ಉಪ್ಪು, ಒಡೆದ ಮಣ್ಣು. ಕ್ರೆಟ್ಟಿಗಳಿಗೆ ಬೀಜ ಬಿದ್ದದ್ದು ಅಲ್ಲಿ. ಹಲಗೆಯಿಂದ ಶುರುವಾದ ಬಿರುಕು 1977ರ ಹೊತ್ತಿಗೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಉದ್ಯಾನದಲ್ಲಿ ಕಪ್ಪು ಸೆರಾಮಿಕ್ ಗೋಡೆಯಾಗಿ ಬೆಳೆದು ನಿಂತಿತ್ತು.

ಇನ್ನೂ ದೊಡ್ಡದಾಗಿ ಬೆಳೆದದ್ದು ಸಿಸಿಲಿಯಲ್ಲಿ. 1968ರ ಜನವರಿ 14–15ರ ರಾತ್ರಿ ಬೆಲಿಚೆ ಕಣಿವೆ ನಡುಗಿ ಗಿಬೆಲ್ಲಿನಾ ಎಂಬ ಬೆಟ್ಟದೂರು ನೆಲಸಮವಾಯಿತು. ಬದುಕುಳಿದವರು ಹತ್ತು ವರ್ಷಕ್ಕೂ ಮಿಕ್ಕಿ ತಾತ್ಕಾಲಿಕ ಶೆಡ್ಡುಗಳಲ್ಲೇ ಕಾಲ ತಳ್ಳಿದರು. ಹೊಸ ಊರನ್ನು ಹಳೆಯ ಜಾಗದಲ್ಲಲ್ಲ, ದೂರದ ತಗ್ಗಿನಲ್ಲಿ ಕಟ್ಟಲಾಯಿತು. ಅಲ್ಲಿನ ಮೇಯರ್ ಲುದೋವಿಕೊ ಕೊರ್‍ರಾವೊ ಹಟಮಾರಿ. ಮನೆಯ ಜೊತೆಗೆ ಕಲೆಯೂ ಬೇಕು ಎಂದು ದೇಶದ ಹೆಸರಾಂತ ಕಲಾವಿದರನ್ನೆಲ್ಲ ಕರೆದರು. ಬುರ್ರಿ ಬಂದರು, ನೋಡಿದರು. ಈಗಾಗಲೇ ಶಿಲ್ಪಗಳಿಂದ ತುಂಬುತ್ತಿದ್ದ ಹೊಸ ಊರಲ್ಲಿ ಅವರಿಗೆ ಮಾಡಲು ಏನೂ ತೋಚಲಿಲ್ಲ. ಹಳೆಯ ಊರಿಗೆ ಕರೆದೊಯ್ಯಿರಿ ಎಂದರು. ಹಾಳುಬಿದ್ದ ಗೋಡೆಗಳ ನಡುವೆ ನಿಂತಾಗ ಯೋಚನೆ ಹೊಳೆಯಿತು.

ಯೋಚನೆ ಸರಳ, ಕೆಲಸ ಮಾತ್ರ ಭಾರಿ. ಅವಶೇಷಗಳನ್ನು ಅಲ್ಲಲ್ಲೇ ಒಟ್ಟುಮಾಡಿ, ತಂತಿಬಲೆಯಲ್ಲಿ ಹಿಡಿದಿಟ್ಟು, ಮೇಲೆ ಬಿಳಿ ಕಾಂಕ್ರೀಟ್ ಸುರಿಯುವುದು. ಹಳೆಯ ಬೀದಿಗಳು ಸುಮಾರಾಗಿ ಇದ್ದ ಕಡೆಯೇ ಬಿರುಕಿನಂಥ ಓಣಿಗಳನ್ನು ಬಿಡುವುದು. ಹೆಂಟೆಗಳ ಎತ್ತರ ಸುಮಾರು 1.6 ಮೀಟರ್, ಓಣಿಗಳ ಅಗಲ ಎರಡು ಮೂರು ಮೀಟರ್. 1984ರಲ್ಲಿ ಶುರುವಾದ ಕೆಲಸ 1989ರಲ್ಲಿ ಅರೆಬರೆಯಾಗಿ ನಿಂತಿತು. ಬುರ್ರಿ 1995ರಲ್ಲಿ ತೀರಿಕೊಂಡರು. ಉಳಿದ ಭಾಗ ಮುಗಿದದ್ದು 2015ರಲ್ಲಿ, ಅವರ ಜನ್ಮಶತಮಾನೋತ್ಸವದ ವರ್ಷ. ಈಗ ಅದು ಸುಮಾರು ಎಂಟು ಹೆಕ್ಟೇರ್, ಎಂದರೆ ಇಪ್ಪತ್ತು ಎಕರೆಯಷ್ಟು ಬೆಟ್ಟದ ಇಳಿಜಾರನ್ನು ಆವರಿಸಿದೆ.

ತಲೆಯ ಮೇಲೆ ಸೂರಿಲ್ಲದೆ ವರ್ಷಗಟ್ಟಲೆ ಕಾದವರ ಊರಲ್ಲಿ ಇಷ್ಟೊಂದು ಸಿಮೆಂಟು ಕಲೆಗೆ ಸುರಿಯಬೇಕಿತ್ತೇ? ತಮ್ಮ ಹೊಸ್ತಿಲು, ಒಲೆಗಳನ್ನು ಒಬ್ಬ ಹೊರಗಿನವನು ಶಾಶ್ವತವಾಗಿ ಮುಚ್ಚಿಬಿಟ್ಟರೆ ಊರವರಿಗೆ ಹೇಗಾಗಬೇಡ? ಈ ಆಕ್ಷೇಪವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಮುಟ್ಟದೆ ಬಿಟ್ಟಿದ್ದರೆ ಆ ಕಲ್ಲುಗಳು ಯಾರ್‍ಯಾರದೋ ಕೊಟ್ಟಿಗೆಯ ಗೋಡೆ ಸೇರುತ್ತಿದ್ದವು, ಉಳಿದದ್ದನ್ನು ಪೊದೆ ನುಂಗುತ್ತಿತ್ತು. ಊರಿನ ನಕ್ಷೆ ಇಷ್ಟಾದರೂ ಉಳಿದಿರುವುದು ಬುರ್ರಿ ಅದನ್ನು ಮುಚ್ಚಿದ್ದರಿಂದಲೇ.

ಕಾಂಕ್ರೀಟಿಗೂ ವಯಸ್ಸಾಗುತ್ತದೆ. ಎಂಬತ್ತರ ದಶಕದ ಭಾಗ ಬೂದು ಬಣ್ಣಕ್ಕೆ ತಿರುಗಿ, ಸಂದುಗಳಲ್ಲಿ ಗಿಡ ಹುಟ್ಟಿದೆ. 2015ರ ಭಾಗ ಪಕ್ಕದಲ್ಲೇ ಬೆಳ್ಳಗೆ ಕಾಣುತ್ತದೆ. ಎರಡನ್ನೂ ಒಂದೇ ಬಣ್ಣಕ್ಕೆ ತರುವ ಉತ್ಸಾಹ ಯಾರಿಗೂ ಬಾರದಿರಲಿ.

ಗಿಬೆಲ್ಲಿನಾವನ್ನು ಇಟಲಿ ಸರ್ಕಾರ 2026ರ ‘ಸಮಕಾಲೀನ ಕಲೆಯ ರಾಜಧಾನಿ’ ಎಂದು ಆರಿಸಿದೆ. ಆ ಕಡೆ ಪ್ರವಾಸ ಹೋಗುವ ಕನ್ನಡಿಗರು ಹೊಸ ಊರಿನ ಶಿಲ್ಪಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗಬೇಡಿ. ಬೆಟ್ಟದ ದಾರಿಯಲ್ಲಿ ಇನ್ನೊಂದಿಷ್ಟು ದೂರ ಹೋಗಿ ಹಳೆಯ ಊರನ್ನೂ ನೋಡಿ. ಡ್ರೋನ್ ಚಿತ್ರದಲ್ಲಿ ಅದು ಬಿಳಿ ಹಾಸಿನಂತೆ ಕಂಡೀತು. ಓಣಿಗೆ ಇಳಿದು ನಡೆದರಷ್ಟೇ ಅದು ಯಾರದೋ ಬೀದಿ ಎಂದು ತಿಳಿಯುತ್ತದೆ.